ತಳದ ಅನ್ನ

ಊರು ಬಿಟ್ಟು ಎರಡು ದಿನ ಹೊರಗೆ ಇದ್ದುಬರುವುದರಲ್ಲಿ ಒಂದು ಸುಖವುಂಟು. ಹೋಗುವ ಊರು ಕಾಶಿಯೇ ಆಗಬೇಕಾದುದಿಲ್ಲ. ನಮ್ಮ ಮನೆಯ ಗಡಿಯಾರ, ನಮ್ಮ ಮನೆಯ ಲೆಕ್ಕದ ಪುಸ್ತಕ, ನಮ್ಮ ಮನೆಯ ಒಲೆ, ಇವು ಕಣ್ಣಿಗೆ ಬೀಳದಿದ್ದರೆ ಸಾಕು. ತುಮಕೂರಿನವರಾದ ನಮಗೆ ಬೆಂಗಳೂರು 70 ಕಿಲೋಮೀಟರು. ಕಚೇರಿಯ ಕೆಲಸಕ್ಕೆ, ವೈದ್ಯರ ಬಳಿಗೆ, ಮದುವೆ ಮುಂಜಿಗಳಿಗೆ ಅಲ್ಲಿಗೆ ಹೋದುದಕ್ಕೆ ಲೆಕ್ಕವಿಲ್ಲ. ಆದರೆ ಯಾವ ಕೆಲಸವೂ ಇಲ್ಲದೆ, ವಿಹಾರಕ್ಕೆಂದೇ ಹೋದುದು ಕಳೆದ ಧನುರ್ಮಾಸದಲ್ಲಿಯೇ ಮೊದಲು.

ಹೊರಡಿಸಿದವಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಮಗಳು. “ಶನಿವಾರ ಬನ್ನಿ, ಭಾನುವಾರ ಮಧ್ಯಾಹ್ನ ಸ್ಪೇನ್ ದೇಶದ ಊಟ ಹಾಕಿಸುತ್ತೇನೆ. ಅತ್ತೆಯನ್ನು ಬಿಟ್ಟು ಬಂದರೆ ನಿಮಗೂ ಊಟವಿಲ್ಲ” ಎಂದು ಅವಳ ಅಪ್ಪಣೆಯಾಯಿತು. ಅತ್ತೆಯೆಂದರೆ ಗುಬ್ಬಿಯಲ್ಲಿರುವ ನನ್ನ ಅಕ್ಕ. ನಾಡಿಗೆಲ್ಲ ಗುಬ್ಬಿಯೆಂದರೆ ವೀರಣ್ಣನವರ ಊರು. 1884ರಲ್ಲಿ ಹುಟ್ಟಿದ ಆ ನಾಟಕ ಕಂಪೆನಿಯ ಊರು. ನನಗಾದರೋ ಗುಬ್ಬಿಯೆಂದರೆ ಅಕ್ಕನ ಅಡಿಗೆಮನೆ. ತಾಯಿ ತೀರಿಕೊಂಡಮೇಲೆ ನಾನು ಬೆಳೆದದ್ದು ಅಕ್ಕ ಹೊಕ್ಕ ಮನೆಯಲ್ಲಿ. ಹೊತ್ತಿಗೆ ಹದಿನಾಲ್ಕು ಎಲೆ ಬೀಳುತ್ತಿದ್ದ ಮನೆ ಅದು. ಹದಿನೈದನೆಯದು ಅಕ್ಕನದು, ಮಿಕ್ಕವರ ಎಲೆಗಳನ್ನೆಲ್ಲ ಎತ್ತಿದ ಮೇಲೆ.

ಶನಿವಾರ ಬೆಳಿಗ್ಗೆ ಅಕ್ಕ ಗುಬ್ಬಿಯಲ್ಲಿ ರೈಲು ಹತ್ತಿದಳು. ನಾನೂ ನನ್ನ ಹೆಂಡತಿಯೂ ತುಮಕೂರಿನಲ್ಲಿ ಅದೇ ಗಾಡಿಯನ್ನು ಸೇರಿಕೊಂಡೆವು. ಅಕ್ಕನ ಮಡಿಲಲ್ಲಿ ದೊಡ್ಡದೊಂದು ಡಬ್ಬಿಯಿತ್ತು. “ಊಟಕ್ಕೆ ಹೋಗುವವರಿಗೆ ಬುತ್ತಿ ಏಕೆ ಅತ್ತಿಗೆ?” ಎಂದು ನನ್ನ ಹೆಂಡತಿ ಕೇಳಿದಳು. “ಅಲ್ಲಿಯದು ನಿಮಗೆ ಯಾರಿಗಾದರೂ ಹಿಡಿಸದಿದ್ದರೆ?” ಎಂದಳು ಅಕ್ಕ. ದಾಬಸ್‌ಪೇಟೆಯ ಬಳಿ ಶಿವಗಂಗೆಯ ಬೆಟ್ಟ ಕಂಡಾಗ ಎಲ್ಲರೂ ಕೈಮುಗಿದೆವು. ಕುಣಿಗಲಿನ ನನ್ನ ಮಿತ್ರರು, ಚರಿತ್ರೆ ಕಲಿಸಿ ನಿವೃತ್ತರಾದ ಮೇಷ್ಟರು, ಪತ್ನೀಸಮೇತರಾಗಿ ಯಶವಂತಪುರದಲ್ಲಿ ನಮ್ಮನ್ನು ಕೂಡಿಕೊಂಡರು.

ಅಂದು ಲಾಲ್‌ಬಾಗನ್ನು ಸುತ್ತಿದ್ದಾಯಿತು. ಡಬ್ಬಿಯ ಪುಳಿಯೋಗರೆಯೂ ಅಲ್ಲಿಯೇ ಖರ್ಚಾಯಿತು. ಮರುದಿನ ಮಧ್ಯಾಹ್ನ ಮಗಳು ನಮ್ಮನ್ನು ಆ ಭೋಜನಾಲಯಕ್ಕೆ ಕರೆದೊಯ್ದಳು. ಅಕ್ಕ ಕುರ್ಚಿಯ ಅಂಚಿನಲ್ಲಿ, ಯಾವ ಕ್ಷಣದಲ್ಲಾದರೂ ಎದ್ದು ಬಡಿಸಬೇಕಾದವಳಂತೆ ಕುಳಿತಳು. ಮಾಂಸ ಮೊಟ್ಟೆಗಳ ಸೋಂಕಿಲ್ಲದೆ ಬೇರೆ ಪಾತ್ರೆಯಲ್ಲಿ ಮಾಡಿಸುವಂತೆ ಮಗಳು ಮೊದಲೇ ಹೇಳಿಟ್ಟಿದ್ದಳು.

ಮೊದಲು ಬಂದದ್ದು ಗಸ್ಪಾಚೊ ಎಂಬ ಕೆಂಪು ಸಾರು. ಟೊಮೇಟೊ, ಸೌತೆಕಾಯಿ, ದಪ್ಪ ಮೆಣಸಿನಕಾಯಿ, ಬೆಳ್ಳುಳ್ಳಿಗಳನ್ನು ನೆನೆದ ರೊಟ್ಟಿಯೊಡನೆ ಅರೆದು, ಆಲಿವ್ ಎಣ್ಣೆ ಬೆರಸಿ, ತಣ್ಣಗೆ ಕುಡಿಯುವ ಪದಾರ್ಥ. ಅಕ್ಕ ಒಂದು ಚಮಚ ಬಾಯಿಗಿಟ್ಟು, “ಪಾಪ, ಒಲೆಯ ಮೇಲೆ ಇಡುವುದನ್ನೇ ಮರೆತಿದ್ದಾರೆ” ಎಂದಳು. ಮೇಷ್ಟರಿಗೆ ಪಾಠದ ಹುಮ್ಮಸ್ಸು ಬಂದಿತು. 1492ರಲ್ಲಿ ಕೊಲಂಬಸನು ಅಮೆರಿಕೆಯನ್ನು ಮುಟ್ಟುವ ಮುನ್ನ ಸ್ಪೇನಿನವರು ಟೊಮೇಟೊವನ್ನು ಕಂಡವರಲ್ಲ. ನಾವು ಮೆಣಸಿನಕಾಯಿಯನ್ನು ಕಂಡವರಲ್ಲ. ಅದನ್ನು ನಮ್ಮ ಪಡುವಣ ಕರೆಗೆ ತಂದವರು ಪೋರ್ಚುಗೀಸರು. “ಆದುದರಿಂದ ಈ ಸಾರಿಗೂ ನಿಮ್ಮ ಸಾರಿಗೂ ದಾಯಾದಿ ಸಂಬಂಧ ಅಕ್ಕಾ” ಎಂದರು. “ದಾಯಾದಿಯಾದರೂ ಬಿಸಿಮಾಡಿಕೊಂಡು ಬರಬಹುದಾಗಿತ್ತು” ಎಂದಳು ಅಕ್ಕ.

ಆಮೇಲೆ ಮುಖ್ಯವಾದದ್ದು ಬಂದಿತು: ಪಯೇಯ. ಅಕ್ಕನ ಕಿವಿಗೆ ಅದು ಪಾಯಸವೆಂದು ಕೇಳಿಸಿ ಸ್ವಲ್ಪ ನಿರಾಶೆಯಾಯಿತು. ಪಯೇಯವೆಂಬುದು ವಾಲೆನ್ಸಿಯಾ ಸೀಮೆಯ ಮಾತಿನಲ್ಲಿ ಬಾಣಲೆಯ ಹೆಸರು. ಅದೇ ಅಡಿಗೆಗೂ ಹೆಸರಾಗಿದೆ. ಆ ಸೀಮೆಗೆ ಬತ್ತವನ್ನು ಕೊಂಡೊಯ್ದವರು ಅರಬರು. ಅಲ್ಬುಫೇರಾ ಎಂಬ ದೊಡ್ಡ ಸರೋವರದ ಸುತ್ತ ಇಂದಿಗೂ ಗದ್ದೆಗಳಿವೆಯಂತೆ. ಅಗಲವಾಗಿ, ಆಳವಿಲ್ಲದೆ, ಎರಡು ಹಿಡಿಗಳುಳ್ಳ ಆ ಬಾಣಲೆಯಲ್ಲಿ ಕೇಸರಿ ಬಣ್ಣದ ಅನ್ನ ಬೆರಳಿನ ದಪ್ಪಕ್ಕೆ ಹರಡಿತ್ತು. ಮೇಲೆ ನಮ್ಮ ಡಬಲ್ ಬೀನ್ಸಿನ ಜಾತಿಯ ಕಾಳು. ಅಕ್ಕಿ ಹಾಕಿದ ಮೇಲೆ ಅವರು ಸೌಟು ಆಡಿಸುವುದಿಲ್ಲ. ನೀರು ಇಂಗುವವರೆಗೆ ಮುಟ್ಟದೆ ಬಿಟ್ಟು, ಕಡೆಯಲ್ಲಿ ಉರಿ ಹೆಚ್ಚಿಸುತ್ತಾರೆ.

ಬಡಿಸುವ ಹುಡುಗ ತಟ್ಟೆಗಳಿಗೆ ಹಾಕಿ ಅತ್ತ ಹೋದನು. ಅಕ್ಕ ಚಮಚದಿಂದ ಬಾಣಲೆಯ ತಳವನ್ನು ಕೆರೆದು, ಅಂಟಿಕೊಂಡಿದ್ದ ಕಂದುಬಣ್ಣದ ಹೊಪ್ಪಳಿಕೆಯನ್ನು ಸದ್ದಿಲ್ಲದೆ ತನ್ನ ತಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ನಾವು ಯಾರೂ ಅದನ್ನು ನೋಡಲಿಲ್ಲ, ನೋಡಿದ್ದರೂ ಹೊಸತೆನಿಸುತ್ತಿರಲಿಲ್ಲ. ಹಿಂದಿರುಗಿ ಬಂದ ಹುಡುಗ ನೋಡಿ ನಕ್ಕನು. “ಅಮ್ಮನವರಿಗೆ ಗೊತ್ತಿದೆ! ಇದರ ಹೆಸರು ಸೊಕರ್ರಾತ್. ಆ ದೇಶದಲ್ಲಿ ಇದಕ್ಕಾಗಿಯೇ ಜಗಳವಾಡುತ್ತಾರೆ.” ಆ ಮಾತಿಗೆ ಸೀದದ್ದು ಎಂದೇ ಅರ್ಥವೆಂದು ಮಗಳು ಹೇಳಿದಳು. ಮರುಗಳಿಗೆಗೆ ಐದು ಚಮಚಗಳು ಬಾಣಲೆಯ ತಳಕ್ಕೆ ಇಳಿದವು. ಅಕ್ಕ ತನ್ನ ತಟ್ಟೆಯಲ್ಲಿದ್ದುದನ್ನೂ ನಮಗೆ ಹಂಚಿಬಿಟ್ಟಳು. “ಇಷ್ಟು ದಿನ ನಾನು ಉಂಡದ್ದು ಸ್ಪೇನಿನ ಊಟವೆಂದು ತಿಳಿಯದೆ ಹೋಯಿತಲ್ಲ” ಎಂದಳು. ಎಲ್ಲರೂ ನಕ್ಕೆವು. ನನ್ನ ನಗೆ ಅರ್ಧದಲ್ಲಿ ನಿಂತಿತು.

ಗುಬ್ಬಿಯ ಮನೆಯಲ್ಲಿ ಸೌದೆ ಒಲೆ. ಹದಿನಾಲ್ಕು ಜನರ ಅನ್ನದ ತಪ್ಪಲೆ ತಳ ಹಿಡಿಯದ ದಿನವಿರಲಿಲ್ಲ. ಎಲ್ಲರದೂ ಮುಗಿದಮೇಲೆ ಅಕ್ಕ ಆ ತಳವನ್ನು ಕೆರೆದು, ಮಜ್ಜಿಗೆ ಸುರಿದು ಉಣ್ಣುತ್ತಿದ್ದಳು. ಶಾಲೆಯ ಹುಡುಗನಾಗಿದ್ದ ನಾನು ಒಮ್ಮೆ, “ಸೀದದ್ದನ್ನು ಏಕೆ ಉಣ್ಣುತ್ತೀಯೆ?” ಎಂದಿದ್ದೆ. “ನನಗೆ ಇದೇ ಇಷ್ಟ ಕಣೋ” ಎಂದಿದ್ದಳು. ನಾನು ನಂಬಿದೆ. ಐವತ್ತು ವರ್ಷ ನಂಬಿಕೊಂಡೇ ಇದ್ದೆ. ನಂಬುವುದು ನನಗೆ ಸುಲಭವಾಗಿತ್ತು.

ಹಿಂದಿರುಗುವ ರೈಲಿನಲ್ಲಿ ನನ್ನ ಹೆಂಡತಿ ತೂಕಡಿಸುತ್ತಿದ್ದಾಗ ಕೇಳಿದೆ: “ಅಕ್ಕಾ, ತಳದ ಅನ್ನ ನಿನಗೆ ನಿಜವಾಗಿಯೂ ಇಷ್ಟವಾಗಿತ್ತೇ?”

ಅಕ್ಕ ಕಿಟಕಿಯ ಹೊರಗೆ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಹೌದೋ ಅಲ್ಲವೋ ಎಂದು ಯಾವತ್ತೂ ಯೋಚಿಸಲಿಲ್ಲವಪ್ಪ. ಯಾರಾದರೂ ಕೇಳಿದ್ದರೆ ಯೋಚಿಸುತ್ತಿದ್ದೆನೋ ಏನೋ” ಎಂದಳು. ಬಾಲ್ಯದಲ್ಲಿ ನಾನು ಕೇಳಿದ್ದನ್ನು ನೆನಪಿಸಬೇಕೆಂದಿದ್ದೆ. ಆದರೆ ಅಂದು ನಾನು ಕೇಳಿದ್ದು ಅನ್ನದ ವಿಷಯವನ್ನು, ಅವಳ ವಿಷಯವನ್ನಲ್ಲ ಎಂಬುದು ಹೊಳೆದು ಬಾಯಿ ಮುಚ್ಚಿಕೊಂಡೆ. ತುಮಕೂರು ಬಂದಿತು, ನಾವು ಇಳಿದೆವು. ಅವಳು ಬರಿದಾದ ಡಬ್ಬಿಯೊಡನೆ ಮುಂದೆ ಹೋದಳು.

ಭಾನುವಾರದ ಪಯೇಯವನ್ನು ವಾಲೆನ್ಸಿಯಾದಲ್ಲಿ ಗಂಡಸರು ಮಾಡುವುದು ರೂಢಿಯೆಂದು ಮಗಳು ಹೇಳಿದ್ದಳು. ಅದು ಮೇಷ್ಟರ ಮನಸ್ಸಿನಲ್ಲಿಯೂ ಉಳಿದಿತ್ತು. ಸಂಕ್ರಾಂತಿ ಕಳೆದ ಭಾನುವಾರ ಅವರು ಎಲ್ಲರನ್ನೂ ಕುಣಿಗಲಿಗೆ ಕರೆದರು. ಹಾಡಿನಲ್ಲಿ ಹೆಸರಾದ ಆ ದೊಡ್ಡ ಕೆರೆಯ ಏರಿಯ ಮೇಲೆ ಹೆಂಗಸರು ತಿರುಗಾಡಿ ಬರುವಷ್ಟರಲ್ಲಿ ನಾವಿಬ್ಬರೂ ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ ಬಾಣಲೆಯಿಟ್ಟೆವು. ಸ್ಪೇನಿನ ಕಾಳಿಗೆ ಬದಲು ಅವರೆಕಾಳು. ಕೇಸರಿ ಒಂದು ಚಿಟಿಕೆ. ಸೌಟು ಆಡಿಸಬಾರದೆಂಬ ನಿಯಮವನ್ನು ಅಕ್ಷರಶಃ ಪಾಲಿಸಿದೆವು. ಉರಿಯ ವಿಷಯ ಮಾತ್ರ ನಮಗೆ ತಿಳಿಯಲಿಲ್ಲ. ತಳ ಹೊಂಬಣ್ಣಕ್ಕೆ ಬರಲಿಲ್ಲ, ಇದ್ದಿಲಾಯಿತು.

ಮೊದಲ ಎಲೆ ಅಕ್ಕನಿಗೆ ಹಾಕಿದೆವು. ಅವಳು ಮೂರು ಸಲ ಏಳಲು ಹೋದಳು; ಮೂರು ಸಲವೂ ಮೇಷ್ಟರ ಪತ್ನಿ ಕೈ ಹಿಡಿದು ಕೂರಿಸಿದರು. ಮೇಲಿನ ಅನ್ನವೆಲ್ಲ ಎಲೆಗಳಿಗೆ ಹೋಯಿತು. ಕಡೆಯಲ್ಲಿ ನಾನು ಕುಳಿತು ತಳವನ್ನು ಕೆರೆದು ಹಾಕಿಕೊಂಡೆ. ಒಂದು ತುತ್ತು ಬಾಯಿಗಿಟ್ಟೆ, ಕಹಿ. ನುಂಗಲಾರದೆ ತಲೆಯೆತ್ತಿದಾಗ ಅಕ್ಕ ತನ್ನ ಎಲೆಯ ಮುಂದಿನಿಂದ ನನ್ನನ್ನೇ ನೋಡುತ್ತಿದ್ದಳು.

“ಮಜ್ಜಿಗೆ ಹಾಕಿಕೋ” ಎಂದಳು, “ಇಳಿಯುತ್ತದೆ.”