ಗುಡ್ಡದ ಬುಡದ ಊರು

ಮಗನ ಮನೆಗೆ ನಾನು ಬಂದಿರುವುದು ಇದು ನಾಲ್ಕನೆಯ ಸಲ. ಮನೆ ಇರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ. ಪಶ್ಚಿಮಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ, ಪೂರ್ವಕ್ಕೆ ಮಿಷನ್ ಪೀಕ್ ಎಂಬ ಗುಡ್ಡ. ಇವೆರಡರ ನಡುವಿನ ಬಯಲಿನಲ್ಲಿ ಊರು ಹರಡಿಕೊಂಡಿದೆ. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೇ ಆ ಗುಡ್ಡ. 2,517 ಅಡಿ ಎತ್ತರದ್ದು. ಈ ಸೀಮೆಗೆ ಚಳಿಗಾಲವೇ ಮಳೆಗಾಲವಾದುದರಿಂದ ಫೆಬ್ರವರಿಯಲ್ಲಿ ಅದು ಹಚ್ಚಹಸಿರು. ಜೂನಿನ ಹೊತ್ತಿಗೆ ಹುಲ್ಲೆಲ್ಲ ಒಣಗಿ, ಕೊಯ್ಲಿಗೆ ಬಂದ ಜೋಳದ ಹೊಲದ ಬಣ್ಣಕ್ಕೆ ತಿರುಗುತ್ತದೆ. ಅದರ ಇಳಿಜಾರಿನಲ್ಲಿ ದನ ಮೇಯುವುದನ್ನು ಮೊದಲ ಸಲ ಕಂಡ ದಿನ, ಧಾರವಾಡದ ಹತ್ತಿರದ ನಮ್ಮ ಹಳ್ಳಿಯೇ ಕಣ್ಣೆದುರು ಬಂದಂತಾಗಿತ್ತು.

ಮೊದಲ ಸಲ ಬಂದಾಗ ಈ ಊರಿಗೆ ಪೇಟೆಯೆಂಬುದು ಎಲ್ಲಿದೆ ಎಂದು ಹುಡುಕಿ ಸೋತಿದ್ದೆ. ಆ ಮೇಲೆ ತಿಳಿಯಿತು, ಇದು ಒಂದು ಊರಲ್ಲ, ಐದು ಊರು. ಸೆಂಟರ್‌ವಿಲ್, ನೈಲ್ಸ್, ಇರ್ವಿಂಗ್ಟನ್, ಮಿಷನ್ ಸ್ಯಾನ್ ಹೋಸೆ, ವಾರ್ಮ್ ಸ್ಪ್ರಿಂಗ್ಸ್ ಎಂಬ ಐದು ಹಳ್ಳಿಗಳು 1956ರ ಜನವರಿಯಲ್ಲಿ ಕೂಡಿ ಒಂದು ನಗರವಾದುವು. ಅದಕ್ಕೆ ಮೊದಲು ಇಲ್ಲೆಲ್ಲ ಹಣ್ಣಿನ ತೋಟಗಳು, ಕಾಯಿಪಲ್ಯದ ಹೊಲಗಳು. 1962ರಲ್ಲಿ ದೊಡ್ಡ ಮೋಟಾರು ಕಾರ್ಖಾನೆಯೊಂದು ಬಂದಿತು, 1982ರಲ್ಲಿ ಮುಚ್ಚಿತು. ಬಳಿಕ ಅದೇ ಕಟ್ಟಡ ಎರಡು ಸಲ ಕೈ ಬದಲಿಸಿ, 2010ರಿಂದ ಟೆಸ್ಲಾ ಕಂಪನಿಯದಾಗಿದೆ. ಮೊಮ್ಮಗನಿಗೆ ಇದೊಂದೇ ಇತಿಹಾಸ! ನನಗೆ ಹೆಚ್ಚು ಹಿಡಿಸಿದ್ದು ನೈಲ್ಸ್. ಹಾಲಿವುಡ್ಡಿನ ಹೆಸರು ಹಬ್ಬುವ ಕಾಲದಲ್ಲಿ, 1912ರಿಂದ 1916ರವರೆಗೆ, ಅಲ್ಲಿ ಎಸ್ಸನೇ ಎಂಬ ಮೂಕಿ ಚಿತ್ರಗಳ ಸ್ಟುಡಿಯೋ ಇತ್ತು. ಚಾರ್ಲಿ ಚಾಪ್ಲಿನ್ 1915ರಲ್ಲಿ ‘ದಿ ಟ್ರ್ಯಾಂಪ್’ ಚಿತ್ರ ತೆಗೆದದ್ದು ಅಲ್ಲಿಯೇ. ಆ ಬೀದಿಯಲ್ಲಿ ನಡೆಯುವಾಗ ನಾನೂ ನನ್ನ ಕೋಲನ್ನು ಒಮ್ಮೆ ತಿರುಗಿಸಿದೆನೆಂದು ಸೊಸೆ ಈಗಲೂ ನಗುತ್ತಾಳೆ.

ಈ ನೆಲವೂ ಸ್ಥಿರವಾದುದಲ್ಲ. ಹೇವರ್ಡ್ ಬಿರುಕು ಎಂಬ ಭೂಪದರದ ಸೀಳು ಊರಿನ ನಡುವೆಯೇ ಹಾದುಹೋಗಿದೆ. ನೆಲ ವರ್ಷಕ್ಕೆ ಕೆಲವೇ ಮಿಲಿಮೀಟರು ಜರುಗುತ್ತದೆ. ಕೆಲವು ರಸ್ತೆಗಳ ಅಂಚಿನ ಕಲ್ಲು ಅಲ್ಲಲ್ಲಿ ಮುರಿದು ಪಕ್ಕಕ್ಕೆ ಸರಿದಿದೆ. 1868ರ ಅಕ್ಟೋಬರ್ 21ರಂದು ಇದೇ ಬಿರುಕು ದೊಡ್ಡದಾಗಿ ನಡುಗಿದಾಗ, ಮಿಷನ್ ಸ್ಯಾನ್ ಹೋಸೆಯ ಹಳೆಯ ಇಗರ್ಜಿ ಕುಸಿಯಿತು. ಈಗ ಕಾಣುವ ಇಗರ್ಜಿ ಅದರ ಮಾದರಿಯಲ್ಲಿ ಮತ್ತೆ ಕಟ್ಟಿ 1985ರಲ್ಲಿ ಮುಗಿಸಿದ್ದು.

ಆ ಮಿಷನ್ನನ್ನು ಸ್ಪೇನಿನ ಪಾದ್ರಿಗಳು ಸ್ಥಾಪಿಸಿದ್ದು 1797ರಲ್ಲಿ. ಹಸಿಯ ಮಣ್ಣಿನ ಇಟ್ಟಿಗೆ ಮಾಡಿದವರು, ಗೋಡೆ ಎಬ್ಬಿಸಿದವರು, ಹೊಲ ಉತ್ತವರು ಮಾತ್ರ ಓಲೋನಿ ಮೊದಲಾದ ಇಲ್ಲಿಯ ಮೂಲನಿವಾಸಿಗಳು. ಸಾವಿರಾರು ವರ್ಷ ಈ ಕೊಲ್ಲಿಯ ದಂಡೆಯಲ್ಲಿ ಬಾಳಿದ ಜನ ಅವರು. ಹೊರಗಿನವರೊಡನೆ ಬಂದ ದಡಾರದಂಥ ಬೇನೆಗಳಿಗೆ ಅವರಲ್ಲಿ ತಡೆಯುವ ಶಕ್ತಿ ಇರಲಿಲ್ಲ. ಗುಂಪುಗುಂಪಾಗಿ ಸತ್ತರು.

ಈ ಸಲ ಮಗ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ನನ್ನನ್ನು ಕರೆಸಿದ್ದನೆಂದು ನನಗೆ ತಡವಾಗಿ ತಿಳಿಯಿತು. ಒಂದು ರಾತ್ರಿ ಊಟದ ಮೇಲೆ, “ಅವ್ವಾ, ಹೊಲಾ ನೋಡಾಕ ಅಲ್ಲಿ ಯಾರದಾರ? ಕಾಕಾಗೂ ಆಗವಲ್ದು. ಛಲೋ ಬೆಲೆ ಬಂದೈತಿ, ಕೊಟ್ಟುಬಿಡೋಣು. ನೀ ಇಲ್ಲೇ ಇರು” ಎಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಮೊಣಕಾಲು ಹೊಲದ ಬದುವನ್ನು ಏರಲಾರದೆ ಎರಡು ವರ್ಷವಾಯಿತು. ಆದರೆ ಆ ಹೊಲದ ಮೂಡಣ ಮೂಲೆಯಲ್ಲಿ, ಬೇವಿನ ಮರದ ಕೆಳಗೆ, ನಮ್ಮ ಯಜಮಾನರ ಗದ್ದುಗೆ ಇದೆ. ನಮ್ಮವರಲ್ಲಿ ಲಿಂಗೈಕ್ಯರಾದವರನ್ನು ಮಣ್ಣಿಗೇ ಒಪ್ಪಿಸುವುದು ರೂಢಿಯಷ್ಟೆ. ಅವರ ಬಲಬದಿಗೆ ಅತ್ತೆ-ಮಾವಂದಿರು. ಎಡಬದಿಯ ಜಾಗ ಯಾರದೆಂದು ಯಾರೂ ಬಾಯಿಬಿಟ್ಟು ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ. ನಾನು ಆ ರಾತ್ರಿ ಉತ್ತರ ಕೊಡಲಿಲ್ಲ.

ಮುಂದಿನ ಭಾನುವಾರ ಸೊಸೆ ನನ್ನನ್ನು ಮಿಷನ್ನಿಗೆ ಕರೆದುಕೊಂಡು ಹೋದಳು. ಮರಳುವಾಗ, ವಾಷಿಂಗ್ಟನ್ ಬುಲೆವಾರ್ಡ್ ಎಂಬ ರಸ್ತೆಯ ಪಕ್ಕದಲ್ಲಿ ಗಾಡಿ ನಿಲ್ಲಿಸಿ, “ಅತ್ತೀ, ಇದನ್ನ ನೀವು ನೋಡಿಲ್ಲ” ಎಂದಳು. ಮನೆಗಳ ನಡುವೆ ಒಂದು ತುಂಡು ನೆಲ. ಓಲೋನಿಯವರ ಸ್ಮಶಾನ. ಸಾಲುಸಾಲು ಗೋರಿಗಳಾಗಲಿ ಹೆಸರುಗಳಾಗಲಿ ಇಲ್ಲ; ನಾಲ್ಕು ಸಾವಿರ ಜನ ಇಲ್ಲಿ ಮಲಗಿದ್ದಾರೆಂದು ಹೇಳುವ ಒಂದು ಕಲ್ಲು ಮಾತ್ರ. ನಾಲ್ಕು ಸಾವಿರವೆಂದರೆ ನಮ್ಮ ಇಡೀ ಹಳ್ಳಿ. ಹೆದ್ದಾರಿ ಬರುವ ಕಾಲಕ್ಕೆ ಈ ಸ್ಥಳಕ್ಕೂ ಕುತ್ತು ಬಂದಿತ್ತಂತೆ. ಮೂಲನಿವಾಸಿಗಳೇ ಮುಂದೆ ನಿಂತು ಉಳಿಸಿಕೊಂಡರು. 1971ರಲ್ಲಿ ಆ ನೆಲ ಓಲೋನಿಯವರ ಕೈಗೆ ಮರಳಿತು. ಊರಿನ ಕಾಲೇಜಿಗೂ ಓಲೋನಿಯೆಂದೇ ಹೆಸರು. ಹೆಸರಿಡುವುದು ಸುಲಭ; ನೆಲ ಹಿಂದಿರುಗಿಸುವುದಕ್ಕೆ ಎಷ್ಟು ವರ್ಷ ಹಿಡಿಯಿತು ನೋಡಿ.

ಬಹಳ ಹೊತ್ತು ಅಲ್ಲಿಯೇ ನಿಂತಿದ್ದೆ. ಅವರ ಮೇಲೆ ನಡೆದದ್ದು ದೊಡ್ಡ ಅನ್ಯಾಯ. ನನ್ನ ಹೊಲದ ಮಾತು ಅದರ ಪಕ್ಕದಲ್ಲಿ ಇಡುವಂಥದ್ದಲ್ಲ, ಅದು ನನಗೆ ಗೊತ್ತು. ನಮ್ಮನ್ನು ಯಾರೂ ಒಕ್ಕಲೆಬ್ಬಿಸಿಲ್ಲ. ನಾವಾಗಿಯೇ, ಒಳ್ಳೆಯ ಬೆಲೆಗೆ, ಬಿಟ್ಟುಕೊಡುವವರು. ಆದರೂ ಕೊಂಡವನ ಟ್ರ್ಯಾಕ್ಟರು ಮೂಡಣ ಮೂಲೆಗೆ ಬಂದಾಗ ತಿರುಗಿಕೊಂಡೀತೇ, ನೇರ ಹೋದೀತೇ ಎಂಬ ಪ್ರಶ್ನೆ ಅಲ್ಲಿಂದ ಕದಲಲು ಬಿಡಲಿಲ್ಲ.

ಅಂದು ಸಂಜೆ ಮಗನಿಗೆ ಹೇಳಿದೆ: “ಹೊಲಾ ಕೊಡು. ಬ್ಯಾಡ ಅನ್ನೂದಿಲ್ಲ. ಬೇವಿನ ಗಿಡದ ಸುತ್ತಿನ ನೆಲ ಬಿಟ್ಟು ಕೊಡು.” ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಷ್ಟ ಬ್ಯಾರೆ ಮಾಡಬೇಕಂದ್ರ ಸರ್ವೆ ಆಗಬೇಕು, ಕಾಗದಪತ್ರ ಭಾಳ. ಬೆಲೀನೂ ಇಳೀತೈತಿ” ಎಂದ. “ಇಳೀಲಿ” ಎಂದೆ. ಅವನು ನನ್ನ ಮುಖವನ್ನು ನೋಡಿ, ಮುಂದೆ ಮಾತು ಬೆಳೆಸಲಿಲ್ಲ. ಕಿಟಕಿಯಾಚೆ ಗುಡ್ಡದ ನೆತ್ತಿಯ ಮೇಲೆ ಇನ್ನೂ ಬಿಸಿಲಿತ್ತು.

ನವೆಂಬರಿಗೆ ಟಿಕೆಟ್ಟು ತೆಗೆಸಿದ್ದೇನೆ. ಸರ್ವೆಯವರು ಸರಪಳಿ ಹಿಡಿದು ಬಂದಾಗ ಮೂಡಣ ಮೂಲೆ ಯಾವುದೆಂದು ತೋರಿಸಲು ನಾನೇ ಇರಬೇಕು. ಮೈದುನನಿಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ.