ಹರ್ನಿಯಾ ಅಂತ ಹೇಳಿದ್ದೆ

ಮೂರು ವರ್ಷದ ಹಿಂದೆ ಒಂದು ವಾರ ನಾನು ಬೈಕ್ ಹತ್ತಲಿಲ್ಲ. ಯಾಕೆ ಅಂತ ಕೇಳಿದವರಿಗೆಲ್ಲ 'ಹರ್ನಿಯಾ ಆಪರೇಷನ್' ಅಂದೆ. ಸುಳ್ಳು. ನಾನು ಮಾಡಿಸಿಕೊಂಡಿದ್ದು ಮಕ್ಕಳಾಗದ ಆಪರೇಷನ್.

ನಮ್ಮ ಎರಡನೇ ಮಗು ಸಿಸೇರಿಯನ್. ಎಷ್ಟೋ ಕಡೆ ಅದೇ ಹೊತ್ತಿಗೆ ಹೆಂಗಸಿಗೆ ಆಪರೇಷನ್ನೂ ಮಾಡಿ ಮುಗಿಸುತ್ತಾರೆ. ನನ್ನ ಹೆಂಡತಿಗೆ ರಕ್ತ ಕಡಿಮೆ ಇತ್ತು, ಚೇತರಿಸಿಕೊಂಡ ಮೇಲೆ ಬನ್ನಿ ಅಂದರು. ಐದಾರು ತಿಂಗಳಿಗೆ ಆಶಾ ಅಕ್ಕ ಮನೆಗೆ ಬಂದರು. ನಾನು ಕಟ್ಟೆ ಮೇಲೆ ಕೂತು ಸುದ್ದಿ ಟೈಪ್ ಮಾಡುತ್ತಿದ್ದೆ. ನನ್ನನ್ನು ದಾಟಿ ಒಳಗೆ ಹೋಗಿ ದನಿ ತಗ್ಗಿಸಿ ಅವಳ ಹತ್ತಿರ ಮಾತಾಡಿದರು. ನಾನೂ ಹೆಂಗಸರ ಮಾತು ಅಂತ ತಲೆ ಎತ್ತಲಿಲ್ಲ.

ಅವತ್ತು ರಾತ್ರಿ ಅವಳೇ ಕೇಳಿದಳು: "ನನ್ನ ಹೊಟ್ಟಿ ಇನ್ನೊಮ್ಮೆ ಕೊಯ್ಸಬೇಕೇನು? ನೀವು ಮಾಡಿಸ್ಕೊಳ್ಳಾಕ ಬರೂದಿಲ್ಲೇನು?"

"ನೋಡೂಣು" ಅಂದೆ. ಆ 'ನೋಡೂಣು' ನಾಲ್ಕು ತಿಂಗಳು ಹಿಡಿಯಿತು. ಆಪರೇಷನ್ ಕ್ಯಾಂಪಿನ ಸುದ್ದಿ ಎಷ್ಟು ಸಲ ಕಳಿಸಿದ್ದೇನೋ ಲೆಕ್ಕವಿಲ್ಲ. ಇಷ್ಟು ಮಹಿಳೆಯರಿಗೆ ಶಸ್ತ್ರಚಿಕಿತ್ಸೆ, ಇಂಥ ವೈದ್ಯರು ಹಾಜರು, ಮುಗಿಯಿತು. ಗಂಡಸರು ಎಷ್ಟು ಬಂದಿದ್ದರು ಅಂತ ಒಂದು ಸಲವೂ ಕೇಳಿರಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ, ದೇಶದಲ್ಲಿ ನೂರು ದಂಪತಿಗಳಲ್ಲಿ ಸುಮಾರು 38 ಕಡೆ ಹೆಂಡತಿಗೆ ಆಪರೇಷನ್ ಆಗಿದೆ. ಗಂಡನಿಗೆ ಆಗಿದ್ದು ನೂರಕ್ಕೆ ಒಂದೂ ಇಲ್ಲ, 0.3.

ಕೊನೆಗೆ ಬೇರೆ ಸುದ್ದಿಗೆ ಅಂತ ತಾಲ್ಲೂಕು ಆಸ್ಪತ್ರೆಗೆ ಹೋದಾಗ ಡಾಕ್ಟರನ್ನು ಕೇಳಿದೆ, ಅದೂ 'ಓದುಗರೊಬ್ಬರು ಕೇಳಿದ್ದಾರೆ' ಅಂತ. ಅವರು ನಕ್ಕು ಹೇಳಿದರು. ಹೊಟ್ಟೆ ಕೊಯ್ಯುವುದಿಲ್ಲ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಚರ್ಮದಲ್ಲಿ ಸಣ್ಣ ತೂತು ಮಾಡಿ, ವೀರ್ಯಾಣು ಸಾಗುವ ಎರಡು ನಾಳ ಕತ್ತರಿಸಿ ಕಟ್ಟುತ್ತಾರೆ. ಹೊಲಿಗೆ ಇಲ್ಲ, ಅರ್ಧ ಗಂಟೆ ಬೇಡ, ಅವತ್ತೇ ಮನೆಗೆ. ಬೀಜಕ್ಕೆ ಕೈ ಹಚ್ಚುವುದಿಲ್ಲ, ಹಾರ್ಮೋನು ಮೊದಲಿನ ಹಾಗೆಯೇ ಇರುತ್ತದೆ, ಶಕ್ತಿ ಎಲ್ಲೂ ಹೋಗುವುದಿಲ್ಲ. ಆದರೆ ಇದು ಕಾಯಂ, ಮತ್ತೆ ಜೋಡಿಸಬಹುದು ಅಂತ ನಂಬಿ ಬರಬಾರದು ಅಂದರು.

ಅವ್ವನಿಗೆ ಹೇಳಿದಾಗ ಮನೆ ರಣರಂಗ. "ಹೊಲದಾಗ ದುಡಿಯೋ ಗಂಡಸು, ನಿಶ್ಶಕ್ತಿ ಆದ್ರ ಏನ್ ಮಾಡ್ತಿ? ಆಕಿಗೇ ಮಾಡಿಸಿದ್ರಾತು." ಹೊಟ್ಟೆ ಕೊಯ್ಸಿಕೊಂಡು ನೀರು ಹೊರುವ ಹೆಂಗಸಿನ ಶಕ್ತಿಯ ಲೆಕ್ಕ ಯಾರೂ ಹಾಕುವುದಿಲ್ಲ. ಅವ್ವನ ಹೆದರಿಕೆಗೂ ಕಾರಣ ಇದೆ. ತುರ್ತು ಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷ, ದೇಶದ ಸುಮಾರು 62 ಲಕ್ಷ ಗಂಡಸರಿಗೆ ಈ ಆಪರೇಷನ್ ಆಯಿತು. ಎಷ್ಟೋ ಕಡೆ ಬಲವಂತವಾಗಿ. ಆ ಭಯ ಇನ್ನೂ ಮನೆಗಳಲ್ಲಿ ಕೂತಿದೆ.

ಆಪರೇಷನ್ ದಿನ ನೋವಿಗಿಂತ ನಾಚಿಕೆಯೇ ಜಾಸ್ತಿ. ಎರಡು ದಿನ ಬಾವು ಇತ್ತು, ಬಿಗಿ ಚಡ್ಡಿ ಹಾಕಿಕೊಂಡು ಮಲಗಿದ್ದೆ. ಒಂದು ಮಾತು ಮಾತ್ರ ಎಲ್ಲರೂ ನೆನಪಿಡಬೇಕು: ಮಾಡಿಸಿದ ತಕ್ಷಣ ಇದು ಕೆಲಸ ಮಾಡುವುದಿಲ್ಲ. ಮೂರು ತಿಂಗಳು ನಿರೋಧ್ ಬಳಸಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ ಖಾತ್ರಿ ಮಾಡಿಕೊಳ್ಳಬೇಕು. ಇದು ಗೊತ್ತಿಲ್ಲದೆ ಹೆಂಡತಿ ಬಸುರಿಯಾದರೆ, ಊರು ಅನುಮಾನ ಪಡುವುದು ಅವಳ ಮೇಲೆ.

ಇಷ್ಟೆಲ್ಲ ತಿಳಿದವನು ಊರಿಗೆ ಹೇಳಿದ್ದು ಹರ್ನಿಯಾ. ಹೆಂಡತಿ ಒಂದೇ ಸಲ ಅಂದಳು, "ನಾನು ಮಾಡಿಸಿಕೊಂಡಿದ್ರ ಓಣಿಗೆಲ್ಲ ಗೊತ್ತಾಗ್ತಿತ್ತು."

ಹೋದ ತಿಂಗಳು ದೊಡ್ಡಪ್ಪನ ಮಗ ಫೋನ್ ಮಾಡಿದ. "ಅಣ್ಣಾ, ನಿನಗ ಹರ್ನಿಯಾ ಮಾಡಿದ ಡಾಕ್ಟರ್ ಯಾರು? ನಂಗೂ ತೊಡಿ ಸಂದಿನಾಗ ಗಂಟು ಆಗೇತಿ."

ಇನ್ನು ಮುಚ್ಚಿಡುವ ಹಾಗಿರಲಿಲ್ಲ. ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಸದ್ದಿಲ್ಲ. ಆಮೇಲೆ ದನಿ ತಗ್ಗಿಸಿ ಕೇಳಿದ: "ಅದು ಭಾಳ ನೋಯ್ತೈತೇನು?"