ಎಡಗಾಲಿನ ಒಪ್ಪಿಗೆ

ಮೋಟಾರು ಕಾರಿನ ಅಂಗಾಂಗಗಳಲ್ಲಿ ಕ್ಲಚ್ಚಿನಷ್ಟು ಅಜ್ಞಾತವಾಸವನ್ನು ಅನುಭವಿಸುವ ಭಾಗ ಮತ್ತೊಂದಿಲ್ಲ. ಎಂಜಿನ್ನಿನ ಶಕ್ತಿಯನ್ನು ಕುರಿತು ನಾಲ್ಕು ಜನರ ನಡುವೆ ಹೇಳಿಕೊಳ್ಳಬಹುದು. ಹೊಸ ಬಣ್ಣವನ್ನು ನೆರೆಯವರು ತಾವಾಗಿಯೇ ನೋಡಿ ಮೆಚ್ಚುತ್ತಾರೆ. ಕ್ಲಚ್ಚು ಮಾತ್ರ ಎಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವಣ ಕತ್ತಲಲ್ಲಿ ಕುಳಿತು, ನಡೆಸುವವರ ಎಡಗಾಲಿಗೆ ಹೊರತು ಬೇರೆ ಯಾರಿಗೂ ತನ್ನ ಇರವನ್ನು ತಿಳಿಸದೆ ದುಡಿಯುತ್ತದೆ. ಅದು ಕೆಟ್ಟ ದಿನವೇ ಮನೆಮಂದಿಗೆಲ್ಲ ಅದರ ಹೆಸರು ತಿಳಿಯುವುದು.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಒಬ್ಬ ಗೃಹಸ್ಥನ ಮನೆಯಲ್ಲೂ ಹಾಗೆಯೇ ಆಯಿತು. ಆತನದು 1994ರ ಮಾದರಿಯ ಮಾಜ್ದಾ ಮಿಯಾಟಾ. ಇಬ್ಬರೇ ಕೂರಬಹುದಾದ, ಮೇಲಿನ ಹೊದಿಕೆಯನ್ನು ಹಿಂದಕ್ಕೆ ಮಡಚಿಡಬಹುದಾದ ಪುಟ್ಟ ಸ್ಪೋರ್ಟ್ಸ್ ಕಾರು. 1989ರ ಫೆಬ್ರವರಿಯಲ್ಲಿ ಶಿಕಾಗೋ ಮೋಟಾರು ಪ್ರದರ್ಶನದಲ್ಲಿ ಈ ಕಾರು ಜನರ ಕಣ್ಣಿಗೆ ಬಿದ್ದಾಗ, ಇಂಗ್ಲಿಷರು ಕೈಬಿಟ್ಟಿದ್ದ ಹಗುರವಾದ ತೆರೆದ ಕಾರಿನ ಸುಖವನ್ನು ಜಪಾನಿನವರು ಮರಳಿ ತಂದರೆಂದು ರಸಿಕರು ಹಿಗ್ಗಿದರು. ಅದನ್ನು ರೂಪಿಸಿದವರು ಮುಂದಿಟ್ಟುಕೊಂಡಿದ್ದ ಮಾತು ‘ಜಿನ್ಬಾ ಇತ್ತಾಯ್’. ಕುದುರೆಯೂ ಸವಾರನೂ ಒಂದೇ ದೇಹವಾಗುವುದೆಂದು ಅರ್ಥ. 1994ರ ಮಾದರಿಯಲ್ಲಿ 1.8 ಲೀಟರಿನ ಎಂಜಿನ್, 128 ಅಶ್ವಶಕ್ತಿ. ಚಕ್ರವನ್ನು ತಿರುಗಿಸುವ ಬಲ, ಅಂದರೆ ಟಾರ್ಕ್, 110 ಪೌಂಡ್-ಅಡಿ. ಇವು ಎದೆಯುಬ್ಬಿಸಿ ಹೇಳಿಕೊಳ್ಳುವಂಥ ಅಂಕಿಗಳಲ್ಲ. ಆದರೆ ಕ್ಲಚ್ಚಿನ ಪೆಡಲು ಬೆಣ್ಣೆಯಂತಿತ್ತು. ಗಂಡಹೆಂಡಿರಿಬ್ಬರೂ ವಾರಕ್ಕೊಬ್ಬರಂತೆ ಸರದಿಯಿಟ್ಟುಕೊಂಡು ಕಾರನ್ನು ನಡೆಸುತ್ತಿದ್ದರು. ಹೆಂಡತಿಯ ಕೈಯಲ್ಲಿ ಅದು ಹೆಚ್ಚು ನಯವಾಗಿ ಓಡುತ್ತದೆಂಬುದನ್ನು ಗಂಡನೂ ಒಪ್ಪುತ್ತಿದ್ದ. ಗಂಡಸರು ಇಂಥದನ್ನು ಒಪ್ಪುವುದು ಅಪರೂಪವಾದ್ದರಿಂದ ಇದನ್ನು ಇಲ್ಲಿ ದಾಖಲಿಸಬೇಕಾಗಿದೆ.

ಕ್ಲಚ್ಚಿನ ಕೆಲಸವೇನೆಂದು ಅರಿಯಬೇಕೆನ್ನುವವರಿಗೆ ಆ ಊರಿನ ಕೇಬಲ್ ಕಾರುಗಳಿಗಿಂತ ಒಳ್ಳೆಯ ಪಾಠ ಬೇರೆಲ್ಲೂ ಸಿಕ್ಕದು. 1873ರಲ್ಲಿ ಆಂಡ್ರೂ ಹ್ಯಾಲಿಡಿ ಎಂಬಾತ ಕ್ಲೇ ಬೀದಿಯ ದಿಣ್ಣೆಯ ಮೇಲೆ ಮೊದಲು ಓಡಿಸಿದ ಈ ಗಾಡಿಗಳಿಗೆ ತಮ್ಮದೇ ಆದ ಎಂಜಿನ್ ಇಲ್ಲ. ಬೀದಿಯ ಕೆಳಗೆ ಉಕ್ಕಿನ ಹಗ್ಗವೊಂದು ಗಂಟೆಗೆ ಒಂಬತ್ತೂವರೆ ಮೈಲಿಯ ವೇಗದಲ್ಲಿ ಎಡೆಬಿಡದೆ ಹರಿಯುತ್ತಿರುತ್ತದೆ. ಗಾಡಿಯವನು ಉದ್ದನೆಯ ಸನ್ನೆಯನ್ನು ಎಳೆದರೆ ಇಕ್ಕುಳದಂಥ ದವಡೆಗಳು ಆ ಹಗ್ಗವನ್ನು ಕಚ್ಚುತ್ತವೆ. ಆದರೆ ಒಮ್ಮೆಲೇ ಕಚ್ಚಿದರೆ ನಿಂತ ಪ್ರಯಾಣಿಕರೆಲ್ಲ ಒಬ್ಬರ ಮೇಲೊಬ್ಬರು ಬೀಳಬೇಕಾಗುತ್ತದೆ. ಆದ್ದರಿಂದ ಆತ ಮೊದಲು ಮೆಲ್ಲನೆ ಹಿಡಿಯುತ್ತಾನೆ, ಹಗ್ಗ ದವಡೆಯೊಳಗೆ ಜಾರುತ್ತ ಜಾರುತ್ತ ಗಾಡಿಗೆ ಚಲನೆ ಬರುತ್ತದೆ, ಬಳಿಕ ಬಿಗಿಯುತ್ತಾನೆ. ದವಡೆಗೆ ತೊಡಿಸಿದ ಮೆದು ಲೋಹ ಕೆಲವೇ ದಿನಗಳಲ್ಲಿ ಸವೆದುಹೋಗುತ್ತದೆ; ಹೊಸದನ್ನು ತೊಡಿಸುತ್ತಾರೆ. ಜಾರುವುದೂ ಹಿಡಿಯುವುದೂ ಎರಡೂ ಬೇಕು, ಎರಡರ ಬೆಲೆಯನ್ನೂ ಸವೆತದ ರೂಪದಲ್ಲಿ ತೆರಬೇಕು.

ಕಾರಿನೊಳಗೆ ಹಗ್ಗದ ಬದಲು ಎಂಜಿನ್ನಿನೊಡನೆ ತಿರುಗುವ ಭಾರವಾದ ಫ್ಲೈವೀಲು ಇರುತ್ತದೆ. ಅದಕ್ಕೆದುರಾಗಿ ಎರಡೂ ಮೈಗೆ ಘರ್ಷಣೆಯ ಪದರವನ್ನು ಹೊದಿಸಿದ ಬಿಲ್ಲೆ. ಅದರ ಹಿಂದೆ, ತಟ್ಟೆಯಾಕಾರದ ಸ್ಪ್ರಿಂಗಿನಿಂದ ಆ ಬಿಲ್ಲೆಯನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟು. ಪೆಡಲನ್ನು ತುಳಿದರೆ ಒತ್ತಡ ಬಿಡುತ್ತದೆ, ಕಾಲೆತ್ತಿದರೆ ಮರಳುತ್ತದೆ. ಬಿಲ್ಲೆಯ ನಡುವೆ ಸುತ್ತಲೂ ಚಿಕ್ಕ ಸ್ಪ್ರಿಂಗುಗಳಿದ್ದು ಎಂಜಿನ್ನಿನ ಅದುರನ್ನು ನುಂಗಿಕೊಳ್ಳುತ್ತವೆ. ಎರಡು ಪದರಗಳ ನಡುವೆ ಅಲೆಯಲೆಯಾಗಿ ಬಾಗಿಸಿದ ತೆಳುವಾದ ಉಕ್ಕಿನ ಹಾಳೆ ಇರುತ್ತದೆ. ಹಿಡಿತ ಮೃದುವಾಗಿ ಆರಂಭವಾಗುವುದು ಅದರಿಂದಲೇ. ಈ ಹಾಳೆಗೆ ‘ಮಾರ್ಸೆಲ್’ ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸಿನಲ್ಲಿ ಕಾದ ಇಕ್ಕುಳದಿಂದ ಹೆಂಗಳೆಯರ ಕೂದಲಿಗೆ ಅಲೆ ಮೂಡಿಸಿ ಹೆಸರಾದ ಕೇಶಶಿಲ್ಪಿ ಮಾರ್ಸೆಲ್ ಗ್ರಾತೋನ ಅಲೆಗಳಿಗೂ ಇದೇ ಹೆಸರು.

ಇಪ್ಪತ್ತು ವರ್ಷ ಈ ಸಂಸಾರ ಸುಖವಾಗಿ ನಡೆಯಿತು. 2014ರಲ್ಲಿ ಗಂಡನಿಗೆ ಎಂಜಿನ್ನಿನ ಬಲ ಸಾಲದೆನಿಸಿತು. ಗಾಳಿಯನ್ನು ಒತ್ತಿ ತುಂಬುವ ಟರ್ಬೋ ಯಂತ್ರವನ್ನು ಕೂಡಿಸಿದ. ಟಾರ್ಕು ಇನ್ನೂರರ ಸಮೀಪಕ್ಕೆ ಏರಿತು. ಗೋಲ್ಡನ್ ಗೇಟ್ ಸೇತುವೆಯನ್ನು ದಾಟಿ ಉತ್ತರಕ್ಕೆ ಹೋದರೆ ಹೆದ್ದಾರಿ ವಾಲ್ಡೋ ಗ್ರೇಡ್ ಎಂಬ ಏರನ್ನು ಹತ್ತುತ್ತದೆ. ಅಲ್ಲಿ ನಾಲ್ಕನೆಯ ಗೇರಿನಲ್ಲಿ ಆತ ಆಕ್ಸಿಲರೇಟರನ್ನು ಅದುಮಿದಾಗ ಎಂಜಿನ್ನಿನ ಸದ್ದು ಏರಿತು, ಮುಳ್ಳು ಏರಿತು, ಕಾರಿನ ವೇಗ ಮಾತ್ರ ಇದ್ದಲ್ಲೇ ಇತ್ತು. ಜೊತೆಗೆ ಸುಟ್ಟ ವಾಸನೆ. 110ರ ಎಂಜಿನ್ನಿಗೆಂದು ಕಾರ್ಖಾನೆಯವರು ಅಳೆದು ಕೂಡಿಸಿದ್ದ ಕ್ಲಚ್ಚು ಹೊಸ ಹೊರೆಯನ್ನು ಹೊರಲಾರದೆ ಜಾರುತ್ತಿತ್ತು.

ಕಾರಿನ ಕಂಪೆನಿಯದಲ್ಲದ, ಬೇರೆ ಕಾರ್ಖಾನೆಗಳು ಮಾಡಿ ಮಾರುವ ಬಲಿಷ್ಠ ಕ್ಲಚ್ಚುಗಳ ಲೋಕವನ್ನು ಆತ ಪ್ರವೇಶಿಸಿದ್ದು ಹೀಗೆ. ಕ್ಯಾಟಲಾಗುಗಳು ಬಂದವು. ಒಂದು ಕ್ಲಚ್ಚು 240 ಪೌಂಡ್-ಅಡಿ ತಡೆಯುತ್ತದೆಂದರೆ ಇನ್ನೊಂದು 300ನ್ನೂ ಮೀರುತ್ತದೆ. ಬೆಲೆಯಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಹೆಚ್ಚು ಸಿಕ್ಕುವಾಗ ಕಡಿಮೆಯದನ್ನು ಯಾರು ಕೊಳ್ಳುತ್ತಾರೆ?

ಆದರೆ ಕ್ಲಚ್ಚಿನ ಲೆಕ್ಕದಲ್ಲಿ ಪುಕ್ಕಟೆಯಾಗಿ ಬರುವುದು ಯಾವುದೂ ಇಲ್ಲ. ಅದು ತಡೆಯಬಲ್ಲ ಟಾರ್ಕು ನಾಲ್ಕು ಸಂಗತಿಗಳ ಗುಣಲಬ್ಧ: ಒತ್ತುವ ಬಲ, ಪದರದ ಘರ್ಷಣೆ, ಬಿಲ್ಲೆಯ ತ್ರಿಜ್ಯ, ಉಜ್ಜುವ ಮೈಗಳ ಸಂಖ್ಯೆ. ಬಿಲ್ಲೆಯನ್ನು ದೊಡ್ಡದು ಮಾಡೋಣವೆಂದರೆ ಗೇರುಪೆಟ್ಟಿಗೆಯ ಗೂಡು ಬಿಡದು. ಎರಡು ಬಿಲ್ಲೆ ಇಡೋಣವೆಂದರೆ ಖರ್ಚು ಮೇಲಕ್ಕೇರುತ್ತದೆ. ಉಳಿದದ್ದು ಎರಡೇ ದಾರಿ. ಸ್ಪ್ರಿಂಗನ್ನು ಬಿಗಿ ಮಾಡಿದರೆ ಪೆಡಲು ಭಾರವಾಗುತ್ತದೆ. ಪದರವನ್ನು ಸಿರಾಮಿಕ್ಕಿಗೋ ಲೋಹಪುಡಿಗೋ ಬದಲಿಸಿದರೆ ಹಿಡಿತ ಒರಟಾಗುತ್ತದೆ. ಮೊದಲನೆಯದನ್ನು ಕಾಲು ತೆರುತ್ತದೆ, ಎರಡನೆಯದನ್ನು ತಾಳ್ಮೆ ತೆರುತ್ತದೆ. ಕ್ಯಾಟಲಾಗು ಅಂಕಿಯನ್ನು ಅಚ್ಚು ಹಾಕುತ್ತದೆ, ಅಂಕಿಗೆ ಮೊಣಕಾಲಿಲ್ಲ.

ಗೃಹಸ್ಥ 300ನ್ನು ಮೀರಿದ್ದನ್ನೇ ತರಿಸಿದ. ಅತಿ ಬಿಗಿಯಾದ ಸ್ಪ್ರಿಂಗು. ಬಿಲ್ಲೆಯ ಮೇಲೆ ಪೂರ್ತಿ ಪದರದ ಬದಲು ಆರು ಸಿರಾಮಿಕ್ ತುಂಡುಗಳು. ನಡುವಣ ಸ್ಪ್ರಿಂಗುಗಳೂ ಇಲ್ಲ, ಮಾರ್ಸೆಲ್ಲಿನ ಅಲೆಯೂ ಇಲ್ಲ. ಅರ್ಧ ತೂಕದ ಫ್ಲೈವೀಲೊಂದನ್ನೂ ಅಂಗಡಿಯವನು ತೋರಿಸಿದ್ದ. ಅದೊಂದನ್ನು ಹೇಗೋ ಬೇಡವೆಂದಿದ್ದ.

ಜೋಡಿಸುವ ಕೆಲಸದಲ್ಲಿ ಒಂದು ವಾರಾಂತ್ಯ ಪೂರ್ತಿ ಹೋಯಿತು. ಕ್ಲಚ್ಚನ್ನು ಮುಟ್ಟಬೇಕಾದರೆ ಗೇರುಪೆಟ್ಟಿಗೆಯನ್ನೇ ಕೆಳಗಿಳಿಸಬೇಕು. ಅದಕ್ಕೂ ಮುಂಚೆ ಹೊಗೆಕೊಳವೆ, ಹಿಂಚಕ್ರಗಳಿಗೆ ಹೋಗುವ ದಂಡ, ಗೇರುಪೆಟ್ಟಿಗೆಯಿಂದ ಹಿಂದಿನ ಡಿಫರೆನ್ಷಿಯಲ್ಲಿನವರೆಗೆ ಚಾಚಿದ ಉದ್ದನೆಯ ಚೌಕಟ್ಟು ಎಲ್ಲವೂ ಬರಬೇಕು. ಮೇಲುಗಡೆಯ ಬೋಲ್ಟುಗಳು ಕೈಗೂ ಎಟುಕವು, ಕಣ್ಣಿಗೂ ಕಾಣವು. ಇಷ್ಟೆಲ್ಲ ಬಿಚ್ಚಿದ ಮೇಲೆ ರಿಲೀಸ್ ಬೇರಿಂಗು, ಪೈಲಟ್ ಬೇರಿಂಗು, ಎಂಜಿನ್ನಿನ ಹಿಂದಿನ ಎಣ್ಣೆಯ ಸೀಲು ಇವನ್ನೂ ಹೊಸದಾಗಿ ಹಾಕುವುದು ಜಾಣತನ. ಅಗ್ಗದ ಒಂದು ಸೀಲಿಗಾಗಿ ಮತ್ತೊಮ್ಮೆ ಇದೇ ಪುರಾಣವನ್ನು ಮೊದಲಿಂದ ಪಾರಾಯಣ ಮಾಡುವ ಉತ್ಸಾಹ ಯಾರಿಗೂ ಇರದು.

ಹೊಸ ಕ್ಲಚ್ಚು ಜಾರಲಿಲ್ಲ. ವಾಲ್ಡೋ ಗ್ರೇಡಿನಲ್ಲಿ ಕಾರು ಬಾಣದಂತೆ ಹೋಯಿತು. ಪಂದ್ಯದ ಮೈದಾನದಲ್ಲಿ ಇಂಥ ಕ್ಲಚ್ಚಿಗೆ ಅರ್ಥವೂ ಉಂಟು. ಅಲ್ಲಿ ಒಮ್ಮೆ ಹೊರಟವನು ಮತ್ತೆ ನಿಲ್ಲುವುದಿಲ್ಲ, ಕಾವನ್ನು ತಡೆಯುವುದೇ ಮುಖ್ಯ. ಆದರೆ ಆ ಊರಿನ ಬೀದಿಗಳು ಬೇರೆ ಜಾತಿಯವು. ಹೈಡ್ ಮತ್ತು ಲೆವೆನ್‌ವರ್ತ್ ಬೀದಿಗಳ ನಡುವೆ ಫಿಲ್ಬರ್ಟ್ ಬೀದಿಯ ಇಳಿಜಾರು ನೂರಕ್ಕೆ 31.5, ಪುಣ್ಯಕ್ಕೆ ಅಲ್ಲಿ ವಾಹನಗಳಿಗೆ ಇಳಿಯಲು ಮಾತ್ರ ಅಪ್ಪಣೆ. ಅದಕ್ಕೆ ಸ್ವಲ್ಪ ಕಡಿಮೆಯ ಏರುಗಳಲ್ಲಿ ತುದಿತುದಿಗೂ ‘ನಿಲ್ಲು’ ಎಂಬ ಫಲಕ. ನಿಂತು, ಮೂಗು ಆಕಾಶಕ್ಕೆ ಮಾಡಿದ ಕಾರನ್ನು ಹಾಫ್ ಕ್ಲಚ್ಚಿನಲ್ಲಿ ಮೆಲ್ಲನೆ ಎತ್ತಬೇಕು. ಸಿರಾಮಿಕ್ಕಿಗೆ ‘ಮೆಲ್ಲನೆ’ ಎಂಬ ಮಾತೇ ತಿಳಿಯದು; ಹಿಡಿದರೆ ಹಿಡಿಯಿತು, ಬಿಟ್ಟರೆ ಬಿಟ್ಟಿತು. ಕಾರು ಗಡಗಡ ನಡುಗಿ ಮುಗ್ಗರಿಸುತ್ತಿತ್ತು, ಇಲ್ಲವೇ ಎಂಜಿನ್ ನಿಂತುಹೋಗಿ ಹಿಂದಿನವರ ಹಾರ್ನು ಕೇಳಬೇಕಾಗುತ್ತಿತ್ತು. ಕೆಲವು ತಿಂಗಳಲ್ಲಿ ಪೆಡಲಿನ ಒತ್ತಡವನ್ನು ಸಾಗಿಸುವ ಚಿಕ್ಕ ಹೈಡ್ರಾಲಿಕ್ ಸಿಲಿಂಡರು ಸೋರತೊಡಗಿತು. ಇನ್ನೊಂದು ಚಿಂತೆಯನ್ನು ಮೆಕ್ಯಾನಿಕ್ ಹೇಳಿದ: ಅಮೆರಿಕದ ಕಾರುಗಳಲ್ಲಿ ಕ್ಲಚ್ಚು ತುಳಿಯದೆ ಎಂಜಿನ್ ಹೊರಡದು, ಎಣ್ಣೆ ಇನ್ನೂ ಮೇಲೇರುವ ಮುನ್ನವೇ ಆ ಬಿಗಿ ಸ್ಪ್ರಿಂಗಿನ ಒತ್ತಡವೆಲ್ಲ ಕ್ರ್ಯಾಂಕ್‌ಶಾಫ್ಟನ್ನು ಮುಂದಕ್ಕೆ ನೂಕುತ್ತದೆ, ಅದನ್ನು ತಡೆಯುವ ಬೇರಿಂಗು ಸವೆಯುತ್ತದೆ.

ಇವೆಲ್ಲವನ್ನೂ ಆತ ಸಹಿಸಿದ, ಶೌರ್ಯದ ಭಾಗವೆಂದೇ ಭಾವಿಸಿದ. ಸಹಿಸದಾದದ್ದು ಬೇರೆ. ಕಾರಿನ ಕೀಲಿ ಯಾವಾಗಲೂ ತನಗೇ ಸಿಕ್ಕುತ್ತಿದೆಯೆಂಬುದು ಎಷ್ಟೋ ತಿಂಗಳ ಮೇಲೆ ಆತನಿಗೆ ಹೊಳೆಯಿತು. ಸರದಿ ಯಾವ ವಾರ ನಿಂತಿತೆಂದು ನೆನಪಾಗಲಿಲ್ಲ. ಆಕೆ ದೂರಿರಲಿಲ್ಲ, ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಎಡಮೊಣಕಾಲು ಎರಡು ವರ್ಷದಿಂದ ನೋಯುತ್ತಿತ್ತು. ಕೇಳಿದಾಗ, “ಅದು ಈಗ ನಿನ್ನ ಕಾರು” ಎಂದಳು, ಅಷ್ಟೆ. ಕೋಪದಿಂದ ಹೇಳಿದ್ದರೆ ವಾದಿಸಬಹುದಾಗಿತ್ತು.

ಮರುತಿಂಗಳು ಗೇರುಪೆಟ್ಟಿಗೆ ಮತ್ತೆ ಕೆಳಗಿಳಿಯಿತು. ಸಿರಾಮಿಕ್ ತುಂಡುಗಳು ಫ್ಲೈವೀಲಿನ ಮೈಯನ್ನು ಗೀರಿದ್ದರಿಂದ ಅದನ್ನು ಕಡೆದು ನಯಮಾಡಿಸಬೇಕಾಯಿತು. ಈ ಸಲ ತರಿಸಿದ್ದು 240ರದು: ಮೂಲದ್ದಕ್ಕಿಂತ ತುಸುವೇ ಬಿಗಿಯಾದ ಸ್ಪ್ರಿಂಗು, ಎರಡೂ ಮೈಗೆ ಪೂರ್ತಿಯಾದ ಆರ್ಗ್ಯಾನಿಕ್ ಪದರ, ನಡುವೆ ಸ್ಪ್ರಿಂಗುಗಳು, ಒಳಗೆ ಮಾರ್ಸೆಲ್ಲಿನ ಅಲೆ. ಅಂಚಿನಲ್ಲಿ ಓಡಿಸುವುದು ಬೇಡವೆಂದು ಟರ್ಬೋವಿನ ಒತ್ತಡವನ್ನೂ ಆತ ಸ್ವಲ್ಪ ಇಳಿಸಿದ. ಅದನ್ನು ಯಾರಿಗೂ ಹೇಳಲಿಲ್ಲವಂತೆ; ತಿಳಿದವರು ಸದ್ದಿನಿಂದಲೇ ಕಂಡುಕೊಂಡರು.

ಹೊಸ ಪದರ ಹದಕ್ಕೆ ಬರಲು ಮೊದಲ 500 ಮೈಲಿ ಊರೊಳಗಿನ ನಿಂತು ಹೊರಡುವ ಓಡಾಟವೇ ಆಗಬೇಕು, ಆಕ್ಸಿಲರೇಟರನ್ನು ಪೂರ್ತಿ ಅದುಮುವಂತಿಲ್ಲ ಎಂಬುದು ತಯಾರಕರ ನಿಬಂಧನೆ. ಇದಕ್ಕೆ ತನ್ನ ಕಾಲು ತಕ್ಕದ್ದಲ್ಲವೆಂದು ಹೇಳಿ ಆತ ಕೀಲಿಯನ್ನು ಹೆಂಡತಿಯ ಮುಂದಿಟ್ಟ. ಆಕೆ ಮೊದಲ ದಿನ ಮನೆಯ ಮುಂದಿನ ಏರಿನಲ್ಲಿ ನಾಲ್ಕು ಸಲ ನಿಲ್ಲಿಸಿ ನಾಲ್ಕು ಸಲ ಎತ್ತಿ ನೋಡಿದಳು. ಮೊದಲಿನಷ್ಟು ಹಗುರವಲ್ಲ, ಆದರೆ ಮಾತು ಕೇಳುತ್ತದೆ ಎಂಬುದು ಆಕೆಯ ತೀರ್ಪು. ತರಕಾರಿಗೆ, ಗ್ರಂಥಾಲಯಕ್ಕೆ, ಮಗಳ ಮನೆಗೆ ಓಡಾಡಿ ಆಕೆ ಐನೂರು ಮೈಲಿಯನ್ನು ಏಳು ವಾರಗಳಲ್ಲಿ ಮುಗಿಸಿದಳು. ಅದಾದ ಭಾನುವಾರ ಸರದಿ ತನ್ನದೆಂದು ಗಂಡ ನೆನಪಿಸಿದ. ಇನ್ನೂ ಹದವಾಗಿಲ್ಲವೆಂದು ಆಕೆ ಮತ್ತೊಂದು ವಾರ ಕೀಲಿಯನ್ನು ತನ್ನ ಚೀಲದಲ್ಲೇ ಇಟ್ಟುಕೊಂಡಳು.